ಬೆಳಗಾದರೆ ಸಾಯುವ ಬ್ಯಾಟರಿ

ಮೈ ಕೊರೆಯುವ ಚಳಿಗಾಲ, ಎದುರಿನವರ ಮುಖ ಕಾಣದಷ್ಟು ಮಬ್ಬು ಬೆಳಗು. ಆ ಹೊತ್ತಿನಲ್ಲೇ ಶುರುವಾಯಿತು ಇದೆಲ್ಲ. ಅಣ್ಣ ಕೀಲಿ ತಿರುಗಿಸಿದ. ಕಾರು ಹಲ್ಲಿಯ ಹಾಗೆ ಲೊಚಗುಟ್ಟಿ ಸುಮ್ಮನಾಯಿತು.

ಅಣ್ಣ ತಮ್ಮ ಸೇರಿ ಕೊಂಡ ಬಾಡಿಗೆ ಕಾರು ಅದು. ಬೆಳಗಿನಿಂದ ಮಧ್ಯಾಹ್ನದವರೆಗೆ ಅಣ್ಣನ ಪಾಳಿ, ಆಮೇಲಿನದು ತಮ್ಮನದು. ಒಂದೇ ಮನೆ, ಒಂದೇ ಒಲೆ. ದಿನದ ಕೊನೆಗೆ ಕಾರು ನಿಲ್ಲಿಸಿ ಕೀಲಿ ತೆಗೆಯುವವನು ತಮ್ಮನಾದ್ದರಿಂದ ಬೈಗುಳವೂ ಅವನ ಪಾಲಿಗೇ ಬಂತು.

"ಲೈಟ್ ಆರಿಸೋಕೂ ಸೋಮಾರಿತನವೇನೋ ನಿನಗೆ?"

"ಆರಿಸಿದ್ದೀನಿ ಅಣ್ಣ. ಬಾಗಿಲು ಎಳೆದು ನೋಡೇ ಒಳಗೆ ಬಂದಿದ್ದು."

"ಹಾಗಾದ್ರೆ ದೆವ್ವ ಬಂದು ಹಚ್ಚಿತಾ?"

ಹೊಸ ಬ್ಯಾಟರಿ ಹಾಕಿಸಿದರು. ಅದೂ ಅದೇ ಚಾಳಿ ಹಿಡಿಯಿತು. ಹಗಲೆಲ್ಲ ಓಡಿದ ಕಾರು ಬೆಳಗಾದರೆ ಹೆಣ. ಬೀದಿಯವರನ್ನು ಕೂಗಿ ತಳ್ಳಿಸುವಷ್ಟರಲ್ಲಿ ಬೆಳಗಿನ ಗಿರಾಕಿ ಬೇರೆ ಕಾರು ಹತ್ತಿರುತ್ತಿದ್ದ. ಆ ಸಿಟ್ಟನ್ನೆಲ್ಲ ಅಣ್ಣ ತಮ್ಮನ ಮೇಲೆ, ಅವನ ಹೆಂಡತಿಯ ಎದುರಿಗೇ ಕಾರುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ತಮ್ಮ ಕೆಲವು ಸಲ ಗೊಣಗಿದ. ಕೊನೆಗೊಂದು ದಿನ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಮಾಮನ ಹತ್ರ ಹೋಗೋಣ. ತಪ್ಪು ನಂದು ಅಂತ ಅವರು ಅಂದ್ರೆ ಕಾರು ನಿನಗೇ ಬಿಟ್ಟು ಎಲ್ಲಾದ್ರೂ ಕೂಲಿ ಮಾಡ್ಕೋತೀನಿ. ನಂದಲ್ಲ ಅಂದ್ರೆ, ನನ್ನ ತಪ್ಪಿಲ್ಲ ಅಂತ ಇವಳ ಎದುರಿಗೆ ನೀನು ಒಪ್ಪಿಕೊಳ್ಬೇಕು."

ಮಾಮ ಅಂದರೆ ಅವರ ತಾಯಿಯ ತಮ್ಮ, ವಾಹನಗಳ ವೈರಿಂಗ್ ಕೆಲಸದವನು. ತಗಡಿನ ಶೆಡ್ಡಿನಲ್ಲಿ ಕಾರು ನಿಲ್ಲಿಸಿಕೊಂಡು, ತೆರೆದ ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಕಾರು ತಿಳಿಯುವ ಹಾಗೆ ಮಾಡಿದ. ಕರೆಂಟ್ ಕಡಿಯದ ಹಾಗೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ನಡುವೆ ಕರೆಂಟ್ ಅಳೆಯುವ ಮೀಟರ್ ಸೇರಿಸಿ, ಡಬ್ಬ ಬೋರಲು ಹಾಕಿಕೊಂಡು ಕೂತ.

"ಏನು ಕಾಯ್ತಿದ್ದೀರಿ ಮಾಮ?" ಎಂದ ತಮ್ಮ.

"ಕಾರು ನಿದ್ದೆ ಹೋಗ್ಲಿ ಕಣೋ. ಎಚ್ಚರ ಇರೋವಾಗ ಎಲ್ಲರೂ ತಿಂತಾರೆ. ನಿದ್ದೇಲಿ ತಿನ್ನೋನೇ ಕಳ್ಳ."

ಎಷ್ಟು ಹೊತ್ತಾದರೂ ಮೀಟರ್ ಇಳಿಯಲಿಲ್ಲ. ಮಾಮ ಒಂದೊಂದೇ ಫ್ಯೂಸ್ ಕೀಳುತ್ತಾ ಹೋದ. ರೇಡಿಯೊ, ಹಾರ್ನು, ಮೇಲಿನ ದೀಪ. ಎಲ್ಲ ಕಿತ್ತರೂ ಮೀಟರಿನ ಅಂಕಿ ಅಲ್ಲಾಡಲಿಲ್ಲ.

"ಫ್ಯೂಸ್ ಪೆಟ್ಟಿಗೆ ದಾಟಿ ಯಾವುದೋ ನೇರ ಬ್ಯಾಟರಿಗೇ ಬಾಯಿ ಹಾಕಿದೆ. ಕಂಪನಿಯವರು ಹಾಕಿದ್ದಲ್ಲ ಇದು."

ಆಗಲೇ ಅಣ್ಣನಿಗೆ ಹೊಳೆದದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ಜ್ವರದಿಂದ ಮಲಗಿದ್ದಾಗ, ಅಣ್ಣ ಊರಾಚೆಯ ಅಂಗಡಿಗೆ ಹೋಗಿ ಕಾರಿನೊಳಗೆ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಅಡಗಿಸಿದ್ದ. ಕಾರು ಎಲ್ಲೆಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅವನ ಫೋನಿಗೆ ತಿಳಿಸುವ ಡಬ್ಬಿ. ತಮ್ಮ ದಿನಾ ಸಂಜೆ ಗಿರಣಿಯ ಹಿಂದೆ ನಿಲ್ಲುವುದು ಅದರಿಂದಲೇ ಗೊತ್ತಾಗಿತ್ತು. ಕುಡಿತವೋ, ಹೆಣ್ಣೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ರಾತ್ರಿಯೆಲ್ಲ ಕಣ್ಣು ಬಿಟ್ಟು ಕೂತ ಡಬ್ಬಿಗೆ ಹೊಟ್ಟೆಯೂ ಇರುತ್ತದೆಂದು ಮಾತ್ರ ಯೋಚಿಸಿರಲಿಲ್ಲ.

"ಸಾಕು ಬಿಡಿ ಮಾಮ. ಇನ್ನೊಂದು ಬ್ಯಾಟರಿ ಹಾಕಿಸ್ತೀನಿ."

"ತೂತು ಬಿದ್ದ ಕೊಡಕ್ಕೆ ಎಷ್ಟು ಸಲ ನೀರು ತುಂಬ್ತೀಯೋ?" ಎನ್ನುತ್ತಾ ಮಾಮ ತೆಳ್ಳನೆಯ ತಂತಿಯೊಂದರ ಬೆನ್ನು ಹತ್ತಿ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದ. ಡಬ್ಬಿ ಕೈಗೆ ಬಂತು. ತಂತಿ ಕತ್ತರಿಸಿದ. ಮೀಟರ್ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ಅದೇ ಗಳಿಗೆಗೆ ಅಣ್ಣನ ಜೇಬಿನಲ್ಲಿ ಫೋನು ಕಿರುಚಿಕೊಂಡಿತು. ಡಬ್ಬಿಯ ತಂತಿ ಕಡಿದರೆ ಯಜಮಾನನಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆ ಅದು.

ಮಾಮ ಫೋನಿನ ಕಡೆ ನೋಡಿದ, ಅಣ್ಣನ ಮುಖ ನೋಡಿದ. "ಇಂಥದ್ದು ಇಷ್ಟು ತಿನ್ನಬಾರದು. ಕೆಟ್ಟ ಮಾಲು ಕೊಟ್ಟಿದ್ದಾರೆ ನಿನಗೆ" ಎಂದಷ್ಟೇ ಹೇಳಿ ಕೈ ಒರೆಸಿಕೊಳ್ಳಲು ಒಳಗೆ ಹೋದ.

ತಮ್ಮನೇ ಮೊದಲು ಬಾಯಿ ಬಿಟ್ಟ. "ಯಾರಾದ್ರೂ ಕಾರು ಕದ್ರೆ ಸಿಗಲಿ ಅಂತ ಹಾಕ್ಸಿದ್ದಾ ಅಣ್ಣ?"

"ಹೂಂ ಮತ್ತೆ. ಕಳ್ಳರ ಕಾಟ ನೋಡು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

ಸೋತವನಿಗೆ ಸಿಟ್ಟು ಮುಂದು. "ಗಿರಣಿ ಹಿಂದೆ ದಿನಾ ಏನೋ ನಿಂದು ಕೆಲಸ? ಅದನ್ನ ಹೇಳು ಮೊದಲು!"

"ಅಲ್ಲೊಂದು ನಲ್ಲಿ ಇದೆ. ಕಾರು ತೊಳೀತೀನಿ. ಬೆಳಿಗ್ಗೆ ನೀನು ಗಲೀಜು ಕಾರು ಹತ್ತಬಾರದು ಅಂತ." ತಮ್ಮನ ದನಿ ಏರಲೇ ಇಲ್ಲ. "ಕೇಳಿದ್ರೆ ಹೇಳ್ತಿದ್ದೆನಲ್ಲ ಅಣ್ಣ."

ಹೌದು, ಬೆಳಿಗ್ಗೆ ಕಾರು ಹೊಳೆಯುತ್ತಿತ್ತು. ಯಾವುದೋ ಗುರುತು ಅಳಿಸಲು ತೊಳೆದಿದ್ದಾನೆಂದು ಅಣ್ಣ ಅದನ್ನೂ ತಮ್ಮನ ತಲೆಗೇ ಕಟ್ಟಿದ್ದ.

ಮನೆಗೆ ಬಂದ ಮೇಲೆ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ಏನಂದ್ರು ಮಾಮ?" ಎಂದು ಕೇಳಿದಳು. ಆಡಬೇಕಾದ ಮಾತು ಅಣ್ಣನದಾಗಿತ್ತು. ಅವನು, "ವೈರ್ ಸಡಿಲ ಆಗಿತ್ತಂತೆ" ಎಂದು ಹೇಳಿ ಚಪ್ಪಲಿ ಬಿಟ್ಟು ಒಳಗೆ ನಡೆದ. ತಮ್ಮ ಅವನ ಬೆನ್ನನ್ನೇ ನೋಡಿದ. ಡಬ್ಬಿಯನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೋ ಏನೋ, ಈ ಮಾತು ಅವನ ಗಂಟಲಲ್ಲಿ ಇಳಿಯಲಿಲ್ಲ. ಅಂದೇ ಒಲೆ ಬೇರೆಯಾಯಿತು. ವಾರದೊಳಗೆ ತಮ್ಮ ಬೇರೆ ಊರಿನಲ್ಲಿ ಲಾರಿ ಓಡಿಸುವ ಕೆಲಸ ಹುಡುಕಿಕೊಂಡ.

ಹೊರಡುವಾಗ ಅಣ್ಣ ಕೀಲಿ ಹಿಡಿದು ಅಂಗಳಕ್ಕೆ ಬಂದ. "ಬಸ್ ಸ್ಟ್ಯಾಂಡ್‌ವರೆಗೆ ನಾನೇ ಬಿಡ್ತೀನಿ, ಹತ್ತಿ."

"ಬೇಡ. ಯಾವ ಬಸ್ ಹತ್ತಿದ್ವಿ ಅನ್ನೋದೂ ನಿನಗೆ ಗೊತ್ತಾಗೋದು ಬೇಡ."

ಪೆಟ್ಟಿಗೆ ಹೆಗಲಿಗೇರಿಸಿಕೊಂಡು ತಮ್ಮ ಮುಂದೆ, ಹಾಸಿಗೆಯ ಗಂಟು ಹಿಡಿದು ಅವನ ಹೆಂಡತಿ ಹಿಂದೆ, ಗುರುವಾರ ಬೆಳಿಗ್ಗೆ ನಡೆದೇ ಹೋದರು.