ಭಾವ ಎತ್ತಿದ ಕುರ್ಚಿ

ಆಸ್ತಿ ಇದ್ದವರು ಮಕ್ಕಳಿಗೆ ಮನೆ, ಸೈಟು ಭಾಗ ಮಾಡಿ ಕೊಡುತ್ತಾರೆ. ನಮ್ಮ ಧಣಿಯ ಬಳಿ ಇದ್ದದ್ದು ಒಂದು ಕುಸ್ತಿ ಕಂಪನಿ, ಅದರ ತುಂಬ ಎಣ್ಣೆ ಹಚ್ಚಿಕೊಂಡ ಗಂಡಸರು. ಅವರನ್ನೇ ಭಾಗ ಮಾಡಲು ಕೂತರು. ಸೋಮವಾರದ ಟೀವಿ ಶೋ 'ಕೆಂಪು' ಮಗಳಿಗೆ, ಶುಕ್ರವಾರದ 'ನೀಲಿ' ಮಗನಿಗೆ. ಪೈಲ್ವಾನರನ್ನು ಅಕ್ಕ ಒಬ್ಬ, ತಮ್ಮ ಒಬ್ಬ ಎಂದು ಸರದಿಯಂತೆ ಆರಿಸಿಕೊಳ್ಳಬೇಕು. ಕೆಂಪಿಗೆ ಹೋದವನು ವರ್ಷ ತುಂಬುವವರೆಗೆ ನೀಲಿಯ ಕಡೆ ತಲೆ ಹಾಕುವಂತಿಲ್ಲ, ನೀಲಿಯವನಿಗೂ ಅದೇ ಕಟ್ಟಳೆ.

ನಾನು ಆ ಕಂಪನಿಯ ಕಾಮೆಂಟ್ರಿಯವನು. ಎಲ್ಲರೂ ನನ್ನನ್ನು 'ಬಾಯಿ' ಎಂದೇ ಕರೆಯುವುದು. ಎತ್ತಿಹಾಕುವವರನ್ನು ಎತ್ತಿಕಟ್ಟುವುದು ನನ್ನ ಕೆಲಸ. ಬಿಡುವಿದ್ದಾಗ ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಹಿಂದೆ ನಿಂತು ಧಣಿಯ ದನಿಯಲ್ಲಿ "ಅಂದ್ರೆ ಏನಪ್ಪಾ ಅಂದ್ರೆ..." ಎಂದು ಕೆಮ್ಮುತ್ತೇನೆ, ಒಳಗಿನ ಅಷ್ಟೂ ಗಂಡುಗಲಿಗಳು ಬೀಡಿ ಬಚ್ಚಿಟ್ಟು ಎದ್ದು ನಿಲ್ಲುತ್ತಾರೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದಕ್ಕೆ ಸಿಕ್ಕ ಸುಖ ಇದೊಂದೇ.

ನಮ್ಮ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆನ್ನುವುದು ಮಧ್ಯಾಹ್ನದ ಕಾಫಿ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಬೀಳುವುದು ಮಾತ್ರ ಅಪ್ಪಟ ನಿಜ. ಹಲಗೆಯ ಮೇಲೆ ತೆಳ್ಳನೆಯ ಹಾಸು, ಹಾಸಿನ ಮೇಲೆ ಕ್ವಿಂಟಾಲು ತೂಕದ ಆಳು. ಗುರುತ್ವಾಕರ್ಷಣೆ ನಮ್ಮ ಸ್ಕ್ರಿಪ್ಟ್ ಓದಿರುವುದಿಲ್ಲ.

ಅದರಿಂದಲೇ ಮಸಣನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಮಸಣ ನಮ್ಮ ದೊಡ್ಡ ಖಳ. ಮುಖಕ್ಕೆ ಬೂದಿ, ಕಣ್ಣಿಗೆ ಕಾಡಿಗೆ. ಅವನ ಆಜನ್ಮ ವೈರಿ ವಜ್ರ, ನಮ್ಮ ನಾಯಕ. ವರ್ಷಗಟ್ಟಲೆ ಇವರಿಬ್ಬರು ಊರೂರಲ್ಲಿ ಒಬ್ಬರಿಗೊಬ್ಬರು ಮಣ್ಣು ಮುಕ್ಕಿಸಿದ್ದಾರೆ. ಜನರಿಗೆ ಗೊತ್ತಿಲ್ಲದ ಸಂಗತಿ ಇಷ್ಟೆ: ವಜ್ರನ ಹೆಂಡತಿ ಮಸಣನ ಸ್ವಂತ ಅಕ್ಕ. ರಿಂಗಿನಲ್ಲಿ ವೈರಿಗಳಾದವರು ಹೊರಗೆ ಒಟ್ಟಿಗೆ ಕಾಣಿಸಬಾರದು ಎನ್ನುವುದು ನಮ್ಮ ಕಸುಬಿನ ನೇಮ. ಆದ್ದರಿಂದ ಮಸಣ ಅಕ್ಕನ ಮನೆಗೆ ಹಿತ್ತಲಿನಿಂದ ಹೋಗುತ್ತಿದ್ದ, ಅದೂ ತಲೆಗೆ ಹೆಲ್ಮೆಟ್ ಹಾಕಿಕೊಂಡು. ಅವನ ಬಳಿ ಸ್ಕೂಟರ್ ಇರಲಿಲ್ಲ.

ಹೋದ ವರ್ಷ ಅವನ ಕತ್ತು ಕೆಟ್ಟಿತು. "ಇನ್ನೊಂದು ಸಲ ತಲೆಕೆಳಗಾಗಿ ಬಿದ್ರೆ ಕುಸ್ತಿ ಹಾಗಿರ್ಲಿ, ಚಪ್ಪಾಳೆ ತಟ್ಟೋಕೂ ಕೈ ಏಳಲ್ಲ" ಎಂದರು ಡಾಕ್ಟರು. ಧಣಿಗೆ ಹೇಳಿದರೆ ಮನೆಗೆ ಕಳಿಸುತ್ತಾರೆ. ಮಸಣ ಎಂದು ಊರಿಗೆಲ್ಲ ಗುರುತಿರುವವನಿಗೆ ಬೇರೆ ಯಾವ ಅಂಗಡಿಯವನು ಕೆಲಸ ಕೊಡುತ್ತಾನೆ? ಆದರೆ ವಜ್ರ ಎದುರಿಗಿರುವವರೆಗೆ ಭಯವಿರಲಿಲ್ಲ. ವಜ್ರ ಅವನನ್ನು ತಲೆಯ ಮೇಲಕ್ಕೆತ್ತಿ ಧೊಪ್ಪೆಂದು ಒಗೆದಾಗ ನೋಡುವವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ತೆರೆದಿದ್ದವನು ನಾನೊಬ್ಬನೇ. ವಜ್ರನ ಎಡಗೈ ಮಸಣನ ಕತ್ತಿನಡಿ ಇರುತ್ತಿತ್ತು, ಕೂಸಿನ ತಲೆ ಹಿಡಿದ ಹಾಗೆ. ಬಿದ್ದ ಮೇಲೆ ವಜ್ರ ಅವನ ಅಂಗೈ ಅದುಮುತ್ತಿದ್ದ. ತಿರುಗಿ ಅದುಮಿದರೆ 'ಚೆನ್ನಾಗಿದ್ದೀನಿ' ಎಂದು ಅರ್ಥ.

ಈಗ ಭಾಗ ಶುರುವಾಯಿತು. ಮಗಳು ಮೊದಲ ಸರದಿಯಲ್ಲೇ ವಜ್ರನನ್ನು ಕೆಂಪಿಗೆ ಎಳೆದುಕೊಂಡಳು. ಮಗ ಹಟಕ್ಕೆ ಬಿದ್ದು, "ನಿಂಗೆ ಒಳ್ಳೆಯೋನಾದ್ರೆ ನಂಗೆ ಕೆಟ್ಟೋನು" ಎಂದು ಮಸಣನನ್ನು ನೀಲಿಗೆ ಹಾಕಿಕೊಂಡ. ಪಟ್ಟು ಹಾಕುವುದು ಪೈಲ್ವಾನರ ಕೆಲಸ, ಪಟ್ಟು ಹಿಡಿಯುವುದು ಧಣಿ ಮಕ್ಕಳ ಕೆಲಸ. ಮುಂದಿನ ಸರದಿಯಲ್ಲಿ ನೀಲಿಗೆ ಬಂದವನು ಬುಲ್ಡೋಜರ್. ಒಳ್ಳೆಯ ಹುಡುಗ, ಬಾಗಿಲಲ್ಲಿ ಸಿಕ್ಕರೆ ನಮಸ್ಕಾರ ಹೇಳುತ್ತಾನೆ. ಆದರೆ ಎತ್ತುವುದನ್ನು ಕಲಿತವನು ಇಳಿಸುವುದನ್ನು ಕಲಿತಿರಲಿಲ್ಲ. ಅವನು ಇಳಿಸಿದ ಇಬ್ಬರು ಇನ್ನೂ ಆಸ್ಪತ್ರೆಯ ಸೂರು ನೋಡುತ್ತಿದ್ದರು.

ಭಾನುವಾರ ಅಕ್ಕನ ಅಡುಗೆಮನೆಯಲ್ಲಿ ಸಭೆ ಸೇರಿತು. ನಾನೂ ಇದ್ದೆ, ಕಾಫಿಗೆ.

"ರೀ, ನೀವೇ ಹೋಗಿ ಧಣಿಗಳನ್ನ ಕೇಳಿ. ಇಬ್ರನ್ನೂ ಒಂದೇ ಕಡೆ ಹಾಕಿ ಅಂತ" ಎಂದಳು ಅಕ್ಕ.

"ಏನಂತ ಕೇಳ್ಲೇ? ಆಜನ್ಮ ವೈರಿ ಇಲ್ದೆ ನಂಗೆ ಬೇಜಾರಾಗುತ್ತೆ ಅಂತ್ಲಾ?"

"ಜೋಡಿಯಾಗಿ ಆಡೋರನ್ನ ಒಡೆಯೋ ಹಾಗಿಲ್ವಂತೆ ಭಾವ, ಇಬ್ರೂ ಸೇರಿ ಒಂದೇ ಲೆಕ್ಕ" ಎಂದ ಮಸಣ. ಬೂದಿಯಿಲ್ಲದ ಅವನ ಮುಖ ಬ್ಯಾಂಕಿನ ಗುಮಾಸ್ತನ ಮುಖದಂತಿತ್ತು.

"ಹೋದ ವಾರ ತಾನೇ ನನ್ನ ಬಾವಿಗೆ ತಳ್ತೀನಿ ಅಂತ ಟೀವಿಲಿ ಕೂಗಿದ್ಯಲ್ಲೋ ಪುಟ್ಟ. ಈ ವಾರ ಹೆಗಲ ಮೇಲೆ ಕೈ ಹಾಕಿದ್ರೆ ಜನ ಚಪ್ಪಲಿ ಎಸೀತಾರೆ" ಎಂದ ವಜ್ರ. ಮನೆಯಲ್ಲಿ ಮಸಣನನ್ನು ಕರೆಯುವುದು ಪುಟ್ಟ ಎಂದೇ.

ನಾನು ಧಣಿಯ ದನಿ ತೆಗೆದು, "ಅಂದ್ರೆ ಏನಪ್ಪಾ ಅಂದ್ರೆ, ಕತ್ತು ಹೋದ್ರೆ ಹೋಗ್ಲಿ, ಬಾಕಿ ದೇಹ ಇದ್ಯಲ್ಲ" ಎಂದೆ. ಅಕ್ಕ ನನ್ನ ಮುಂದಿನ ಕಾಫಿ ಲೋಟ ಎತ್ತಿಕೊಂಡು ಹೋದಳು.

ವೈರಿಗಳ ಕೊನೆಯ ಕುಸ್ತಿ ಬುಧವಾರ ಗೊತ್ತಾಗಿತ್ತು. ಅದು ಮುಗಿದರೆ ಒಬ್ಬ ಕೆಂಪು, ಒಬ್ಬ ನೀಲಿ. ಮೈದಾನ ಕಿಕ್ಕಿರಿದಿತ್ತು. ವಜ್ರ ಎಂದಿನಂತೆ ಎತ್ತಿದ, ಎಂದಿನಂತೆ ಒಗೆದ, ಕತ್ತಿನಡಿ ಕೈ ಇಟ್ಟೇ ಒಗೆದ. ನಾನು "ಮಸಣದಲ್ಲೇ ಮಣ್ಣಾದ ಮಸಣ!" ಎಂದು ಗಂಟಲು ಹರಿದುಕೊಂಡೆ. ಈಗ ವಜ್ರ ಮೈಕ್ ಹಿಡಿದು ವಿದಾಯದ ಭಾಷಣ ಮಾಡಬೇಕು, ಅಷ್ಟು ಹೊತ್ತೂ ಮಸಣ ಸತ್ತವನಂತೆ ಬಿದ್ದಿರಬೇಕು. ಬಿದ್ದಿರುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ವಜ್ರ ಮೈಕ್ ತೆಗೆದುಕೊಂಡ, ಬಗ್ಗಿ ರೂಢಿಯಂತೆ ಅಂಗೈ ಅದುಮಿದ.

ಮರು ಅದುಮು ಬರಲಿಲ್ಲ.

ಇನ್ನೊಮ್ಮೆ ಅದುಮಿದ. ಏನೂ ಇಲ್ಲ. ವಜ್ರನ ಮುಖದ ಬಣ್ಣ ಇಳಿದದ್ದು ನನ್ನ ಮೇಜಿನ ತನಕ ಕಾಣಿಸಿತು. ಕೈಯಲ್ಲಿ ಮೈಕ್ ಇರುವುದನ್ನೂ ಮರೆತು ಮೊಣಕಾಲೂರಿ ಅವನ ತಲೆಯನ್ನು ತೊಡೆಯ ಮೇಲೆಳೆದುಕೊಂಡ. "ಲೇ ಪುಟ್ಟಾ! ಪುಟ್ಟಾ! ಕಣ್ಣು ಬಿಡೋ! ನಿಮ್ಮಕ್ಕಂಗೆ ಯಾವ ಮುಖ ತೋರಿಸ್ಲೋ! ನಾನು ಕೈ ಇಟ್ಟಿದ್ನಲ್ಲೋ, ಸರಿಯಾಗೇ ಇಟ್ಟಿದ್ನಲ್ಲೋ!"

ಮೈದಾನದ ನಾಲ್ಕೂ ಮೂಲೆಯ ಸ್ಪೀಕರುಗಳು ಅಷ್ಟನ್ನೂ ಹೇಳಿದವು. ಆಗ ಜಗತ್ತನ್ನೇ ನಡುಗಿಸುವ ಮಸಣ ಮಗ್ಗುಲು ಬದಲಿಸಿ, ಅದೇ ಮೈಕಿನೊಳಕ್ಕೆ, "ಇನ್ನೈದು ನಿಮಿಷ ಕಣಕ್ಕಾ..." ಎಂದ.

ಚಿಂತೆಯಲ್ಲಿ ಎಷ್ಟೋ ರಾತ್ರಿ ಕಣ್ಣು ಮುಚ್ಚದವನು, ಸತ್ತಂತೆ ನಟಿಸಲು ಮಲಗಿ, ಭಾವನ ಕೈ ಕತ್ತಿಗೆ ತಾಗಿದ ನೆಮ್ಮದಿಗೆ ನಿಜವಾಗಿಯೂ ನಿದ್ದೆ ಹೋಗಿದ್ದ.

ನಗುವಿಗೆ ಮೈದಾನದ ತಗಡಿನ ಮಾಡು ಅದುರಿತು. ಹಿಂದೆಯೇ ಹೆಂಗಸರು ಮೂಗು ಒರೆಸಿಕೊಳ್ಳತೊಡಗಿದರು. ಯಾರೋ "ಪುಟ್ಟಾ! ಪುಟ್ಟಾ!" ಎಂದು ಶುರುಮಾಡಿದರು, ಇಡೀ ಮೈದಾನ ಅದನ್ನೇ ಹಿಡಿಯಿತು. ಬೂದಿ ಬಳಿದ ಪುಟ್ಟ ಎದ್ದು ಕೂತು ಎಲ್ಲಿದ್ದೇನೆಂದು ನೋಡಿಕೊಂಡ. ಕಂಪನಿಯ ಮಾನ ಹರಾಜಾಯಿತು, ಇಬ್ಬರಿಗೂ ಮನೆಯೇ ಗತಿ ಎಂದುಕೊಂಡೆ ನಾನು.

ಬೆಳಿಗ್ಗೆ ಧಣಿ ಎಲ್ಲರನ್ನೂ ಆಫೀಸಿಗೆ ಕರೆಸಿದರು.

"ಅಂದ್ರೆ ಏನಪ್ಪಾ ಅಂದ್ರೆ" ಎಂದರು. ನಾನು ಮಾಡುವುದಕ್ಕಿಂತ ಸ್ವಲ್ಪ ಸಪ್ಪೆಯಾಗಿತ್ತು. "ಇಷ್ಟು ವರ್ಷ ಕುಸ್ತಿ ಮಾರಿದೆ. ನಿನ್ನೆ ಗೊತ್ತಾಯ್ತು, ಜನಕ್ಕೆ ಬೇಕಾಗಿರೋದು ಸಂಸಾರ. ಭಾವ-ಭಾಮೈದ ಇನ್ಮೇಲೆ ಜೋಡಿ. ಒಡೆಯೋ ಹಾಗಿಲ್ಲ."

ಮಸಣನ ಕಣ್ಣು ಒದ್ದೆಯಾಯಿತು. ಮಗಳೂ ಮಗನೂ ಜೋಡಿಗಾಗಿ ಕಿತ್ತಾಡಿದರು, ಧಣಿ ನಾಣ್ಯ ಚಿಮ್ಮಿದರು, ಮಗ ಗೆದ್ದ. ಜೋಡಿ ನೀಲಿಗೆ.

ಆ ಸಂಜೆ ಮಸಣ ಮೊದಲ ಸಲ ಅಕ್ಕನ ಮನೆಗೆ ಮುಂಬಾಗಿಲಿನಿಂದ ಬಂದ. ಹೆಲ್ಮೆಟ್ಟನ್ನು ದಾರಿಯಲ್ಲಿ ಸ್ಕೂಟರ್ ಇದ್ದ ಯಾರಿಗೋ ಕೊಟ್ಟಿದ್ದನಂತೆ. ಅಕ್ಕ ತಮ್ಮನ ತಲೆ ಸವರಿ, "ಕೆಂಪಾದ್ರೇನು, ನೀಲಿಯಾದ್ರೇನು. ಇಬ್ರೂ ಒಂದೇ ಕಡೆ ಇದ್ದೀರಲ್ಲ, ಸಾಕು" ಎಂದಳು.

ನಗುತ್ತಿದ್ದ ಮಸಣ ತಟ್ಟನೆ ನಗು ನಿಲ್ಲಿಸಿದ. "ಭಾವ... ಒಂದೇ ಕಡೆ ಇದ್ರೆ ನೀವು ನನ್ನ ಎತ್ತಿಹಾಕಲ್ಲ ಅಲ್ವಾ?"

"ಇಲ್ಲ."

"ಎದುರುಗಡೆ ಇರೋನು ಎತ್ತಿಹಾಕ್ತಾನೆ."

"ಹೂಂ."

"ಎದುರುಗಡೆ ಯಾರು?"

ನೀಲಿಯಲ್ಲಿ ಇದ್ದವನು ಬುಲ್ಡೋಜರ್. ಈ ಸಲ ಅಕ್ಕ ತಾನೇ ನನಗೆ ಕಾಫಿ ತಂದುಕೊಟ್ಟಳು. ನನಗೇ ಕುಡಿಯಲಾಗಲಿಲ್ಲ.

ಶುಕ್ರವಾರ. ನೀಲಿ ದೀಪ, ನೀಲಿ ಹಗ್ಗ. ಭಾವ-ಭಾಮೈದರ ಎದುರಿಗೆ ಬುಲ್ಡೋಜರ್ ಮತ್ತು ಅವನಷ್ಟೇ ಅಗಲದ ಇನ್ನೊಬ್ಬ. ಕಾಫಿ ಹೊತ್ತಿಗೆ ಆದ ತೀರ್ಮಾನದಂತೆ, ಕೊನೆಯಲ್ಲಿ ಬುಲ್ಡೋಜರ್ ಮಸಣನನ್ನು ತಲೆಕೆಳಗು ಮಾಡಿ ಒಗೆಯಬೇಕು. "ಹೆದ್ರಬೇಡಿ ಸಾರ್, ಮೆತ್ತಗೆ ಹಾಕ್ತೀನಿ" ಎಂದು ಬುಲ್ಡೋಜರ್ ಮಾತು ಕೊಟ್ಟಿದ್ದ. ಆಸ್ಪತ್ರೆಯ ಇಬ್ಬರಿಗೂ ಅದೇ ಮಾತು ಕೊಟ್ಟಿದ್ದ.

ಭಾವ ವಜ್ರ ಹಗ್ಗದಾಚೆ ತನ್ನ ಸರದಿಗೆ ಕಾಯುತ್ತ ನಿಂತಿದ್ದ. ಒಳಗೆ ಮಸಣ ಮೂಲೆಗೆ ಸರಿದಿದ್ದ. ಜನ "ಪುಟ್ಟಾ" ಎಂದು ಕೂಗುತ್ತಿದ್ದರು. ಬುಲ್ಡೋಜರ್ ತೋಳು ಚಾಚಿ ಹೆಜ್ಜೆ ಹಾಕಿದ. ಭಾವ ನನ್ನ ಮೇಜಿನ ಕಡೆ ತಿರುಗಿದ್ದನ್ನು ಕಂಡೆ. ಮರುಕ್ಷಣ ನಾನು ನೆಲದ ಮೇಲಿದ್ದೆ. ನನ್ನ ತಗಡಿನ ಕುರ್ಚಿ ಅವನ ಕೈಯಲ್ಲಿತ್ತು.

ಒಂದೇ ನೆಗೆತಕ್ಕೆ ಹಗ್ಗ ದಾಟಿದ. ಬುಲ್ಡೋಜರನ ಕೈ ಮಸಣನ ಸೊಂಟ ಮುಟ್ಟುವ ಮೊದಲೇ, ಸ್ವಂತ ಹೆಂಡತಿಯ ತಮ್ಮನ ಬೆನ್ನಿಗೆ, ಕುರ್ಚಿಯ ಚಪ್ಪಟೆ ಭಾಗ ತಾಗುವಂತೆ ಬೀಸಿದ. ಅಂಥ ಪೆಟ್ಟಿಗೆ ಸದ್ದು ಸಿಡಿಲಿನದು, ನೋವು ಬೆನ್ನು ತಟ್ಟಿದಷ್ಟು. ಮಸಣ ಕಡಿದ ಮರದಂತೆ ಬಿದ್ದ, ಗಲ್ಲವನ್ನು ಎದೆಗೊತ್ತಿಕೊಂಡು ಅಚ್ಚುಕಟ್ಟಾಗಿ ಬಿದ್ದ. ಬುಲ್ಡೋಜರ್ ಬಸ್ಸು ತಪ್ಪಿಸಿಕೊಂಡವನ ಹಾಗೆ ಬರಿಗೈ ಚಾಚಿಕೊಂಡೇ ನಿಂತ.

ಮೈದಾನದ ತುಂಬ ಚಪ್ಪಲಿಗಳ ಮಳೆ.

ನಾನು ನೆಲದಿಂದಲೇ ಮೈಕ್ ಎಳೆದುಕೊಂಡು ಅರಚಿದೆ: "ದ್ರೋಹ! ಮಹಾದ್ರೋಹ! ಹೆಣ್ಣು ಕೊಟ್ಟ ಮನೆಯವನ ಮೇಲೇ ಕುರ್ಚಿ ಎತ್ತಿದ ಪಾಪಿ!" ಹಾಗೆ ಅರಚುವಾಗ ನನಗೆ ಕಾಣುತ್ತಿದ್ದದ್ದು ಬೇರೆ. ಪಾಪಿ ಬಿದ್ದವನ ಪಕ್ಕ ಕೂತು, ಬೈಯುವ ನೆಪದಲ್ಲಿ ಅವನ ಅಂಗೈ ಅದುಮಿದ್ದ. ತಕ್ಷಣ ಮರು ಅದುಮು ಬಂತು. ಎರಡು ಸಲ.

ಧಣಿಯ ಮಗ ಕೆಂಡವಾಗಿ ಓಡಿಬಂದ. "ಜೋಡಿ ಮಾಡಿ ಇನ್ನೂ ಒಂದು ವಾರ ಆಗಿಲ್ಲ, ಒಡೆದು ಹಾಕಿದ್ರಲ್ರೀ!" ಅಷ್ಟರಲ್ಲಿ ಧಣಿಯ ಫೋನ್ ಬಂತು. ಮೈದಾನದ ಗದ್ದಲ ಅವರಿಗೂ ಕೇಳಿಸುತ್ತಿತ್ತು. "ಅಂದ್ರೆ ಏನಪ್ಪಾ ಅಂದ್ರೆ, ಜನ ಹುಚ್ಚೆದ್ದು ನೋಡ್ತಿದ್ದಾರೆ, ಇದು ಯಾರ ಐಡಿಯಾ?"

ಮಗ ಸುತ್ತ ನೋಡಿದ. "ನಂದೇ, ಅಪ್ಪಾ."

ಹಾಗೆ ಅವರು ಮತ್ತೆ ವೈರಿಗಳಾದರು, ನೀಲಿಯಲ್ಲೇ, ವರ್ಷ ತುಂಬುವವರೆಗೆ. ಈಗ ಜನ ಪ್ರೀತಿಸುವುದು ಪುಟ್ಟನನ್ನು, ಉಗಿಯುವುದು ಭಾವನನ್ನು. ವಾರವಾರವೂ ಭಾವ ಅವನನ್ನು ಎತ್ತಿ ಒಗೆಯುತ್ತಾನೆ, ಎಡಗೈ ಕತ್ತಿನಡಿಯೇ ಇರುತ್ತದೆ.

ಭಾನುವಾರ ನಾವು ಕಾಫಿ ಕುಡಿಯುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ತೆರೆದರೆ ಹೊಚ್ಚಹೊಸ ಹೆಲ್ಮೆಟ್ ಹಾಕಿಕೊಂಡ ಆಳು.

"ಬಾರೋ" ಎಂದಳು ಅಕ್ಕ. "ರೀ, ಇನ್ನೊಂದು ಕುರ್ಚಿ ತನ್ನಿ."

ಭಾವ ಕುರ್ಚಿ ಎತ್ತಿಕೊಂಡು ಬಂದ. ರೂಢಿಬಲ ನೋಡಿ, ಪುಟ್ಟ ಆಗಲೇ ಗಲ್ಲವನ್ನು ಎದೆಗೊತ್ತಿಕೊಂಡಿದ್ದ.