ಮೂರು ನಿಮಿಷ ಹನ್ನೆರಡು ಸೆಕೆಂಡು

ಸಾಪೇಕ್ಷತಾ ಸಿದ್ಧಾಂತಕ್ಕೆ ನೂರು ತುಂಬಿದ ೨೦೦೫ರಲ್ಲಿ ನರಸಿಂಹರಾಜಪುರದಲ್ಲೂ ಒಂದು ಉಪನ್ಯಾಸ ಆಗಲೇಬೇಕೆಂದು ಕೆಲವರು ಹಟ ಹಿಡಿದರು. ಕೊಪ್ಪದ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದ ಸರ್ವಮಂಗಳಾ ಅವರನ್ನು ಕರೆದರು. ಪ್ರಾರ್ಥನೆ ಹಾಡಲಿಕ್ಕೆ. ಉಪನ್ಯಾಸಕ್ಕೆ ಶಿವಮೊಗ್ಗದಿಂದ ಡಾಕ್ಟರ್ ಪರಮೇಶ್ವರ ಬಂದಿದ್ದರು. ಅವರ ಡಾಕ್ಟರೇಟು ಯಾವ ವಿಷಯದ್ದೆಂದು ಆಹ್ವಾನ ಪತ್ರಿಕೆಯಲ್ಲಿ ಇರಲಿಲ್ಲ. ಇಲ್ಲಿ ಹೊದಿಸುವ ಶಾಲು ಸಾಲದೆಂದೋ ಏನೋ, ಮನೆಯಿಂದಲೇ ಒಂದು ಹೊದ್ದುಕೊಂಡು ಬಂದಿದ್ದರು.

"ಎಲ್ಲವೂ ಸಾಪೇಕ್ಷ! ಅತ್ತೆಗೆ ಸರಿ ಕಂಡದ್ದು ಸೊಸೆಗೆ ತಪ್ಪು. ರಿಲೇಟಿವಿಟಿ ಅಂದರೆ ಇಷ್ಟೇ," ಎಂದು ಅವರು ಶುರು ಮಾಡಿದರು.

ಸಭೆ ಗೊಳ್ಳೆಂದಿತು. ಸರ್ವಮಂಗಳಾ ಮೂಗು ಮುರಿದರು. ಬೆಳಕಿನ ವೇಗ ಎಲ್ಲರಿಗೂ ಒಂದೇ ಎನ್ನುವುದು ಆ ಸಿದ್ಧಾಂತದ ಬುಡ. ಈ ಮಹಾನುಭಾವರು ಮೊದಲ ಮಾತಿಗೇ ಬುಡ ಕಡಿದು, ಇನ್ನು ಒಂದು ಗಂಟೆ ಮರದ ನೆರಳನ್ನು ವರ್ಣಿಸುವವರಿದ್ದರು.

"ಅತಿ ವೇಗದಲ್ಲಿ ಓಡುವ ಗಡಿಯಾರ ನಿಧಾನವಾಗುತ್ತದೆ. ಯಾಕೆ? ವೇಗದ ಒತ್ತಡಕ್ಕೆ ಒಳಗಿನ ಚಕ್ರಗಳು ಜಡವಾಗುತ್ತವೆ," ಎಂದರು ಪರಮೇಶ್ವರ.

"ಯಾವ ಚಕ್ರ ಸಾರ್?"

ಕೇಳಿದವರು ಹಿಂದಿನ ಸಾಲಿನ ಅಬ್ದುಲ್ ಸತ್ತಾರ್. ಬಸ್‌ಸ್ಟ್ಯಾಂಡ್ ಪಕ್ಕ ವಾಚು ರಿಪೇರಿ ಮಾಡುವವರು; ವೇದಿಕೆಯ ಮೇಲಿಟ್ಟ ಗೋಡೆ ಗಡಿಯಾರ ಅವರದ್ದೇ.

"ಚಕ್ರ ಜಡ ಆದ್ರೆ ಅದನ್ನು ಹಿಡ್ಕೊಂಡು ಹೋಗುವವನಿಗೆ ಗೊತ್ತಾಗ್ಬೇಕಲ್ಲ ಸಾರ್? ಇನ್ನೊಂದು, ಅವನು ಕೂತಲ್ಲಿಂದ ನೋಡಿದ್ರೆ ಓಡ್ತಿರೋದು ನಾವು. ಆಗ ಅವನಿಗೆ ನಮ್ಮ ಗಡಿಯಾರವೇ ನಿಧಾನ ಕಾಣ್ಬೇಕು. ನಿಜವಾಗ್ಲೂ ಯಾರದ್ದು ನಿಧಾನ?"

ಪರಮೇಶ್ವರ ನಕ್ಕರು. "ಅದು ದೊಡ್ಡ ಗಣಿತ ಮಾರಾಯ. ನೀನು ಸೆಲ್ ಹಾಕೋದು ನೋಡ್ಕೋ."

ಸಭೆ ಮತ್ತೆ ನಕ್ಕಿತು. ಈ ಜನಕ್ಕೆ ಅತ್ತೆ-ಸೊಸೆಯಾದರೂ ಆದೀತು, ಸೆಲ್ಲಾದರೂ ಆದೀತು, ನಗಲಿಕ್ಕೆ ಒಂದು ಶಾಲಿನ ಅಪ್ಪಣೆ ಸಿಕ್ಕರೆ ಸಾಕು. ಸರ್ವಮಂಗಳಾಗೆ ಮೈ ಉರಿಯಿತು. ಎದ್ದು ವೇದಿಕೆ ಹತ್ತಿ ಸೀಮೆಸುಣ್ಣ ಎತ್ತಿಕೊಂಡರು.

"ಕೊಪ್ಪ ಇಲ್ಲಿಂದ ಎಷ್ಟು ದೂರ ಅಂದ್ರೆ, ಬೆಳಕಿಗೇ ನಾಲ್ಕು ನಿಮಿಷ ಬೇಕು ಅಂತ ಇಟ್ಕೊಳ್ಳಿ ಸತ್ತಾರ್ ಸಾಹೇಬ್ರೆ. ಅಲ್ಲೊಂದು, ಇಲ್ಲೊಂದು ಗಡಿಯಾರ. ಎರಡನ್ನೂ ನಾವು ಸರಿಹೊಂದಿಸಿದ್ದೀವಿ. ಕೊಪ್ಪದ್ದು ಸೊನ್ನೆ ತೋರಿಸುವಾಗ ಒಬ್ಬ ಅಲ್ಲಿಂದ ಹೊರಟ. ಇಲ್ಲಿ ಮುಟ್ಟುವಾಗ ಇಲ್ಲಿನ ಗಡಿಯಾರದಲ್ಲಿ ಐದು ನಿಮಿಷ. ಅವನ ಕೈವಾಚಲ್ಲಿ ಮೂರೇ."

"ಅವನದ್ದು ನಿಧಾನ ಆಯ್ತಲ್ಲ?"

"ನಮ್ಮ ಲೆಕ್ಕದಲ್ಲಿ. ಅವನು ಎಂತ ಹೇಳ್ತಾನೆ ಗೊತ್ತುಂಟಾ? ನಿಮ್ಮ ಎರಡು ಗಡಿಯಾರ ಸರಿಹೊಂದೇ ಇರ್ಲಿಲ್ಲ, ನಾನು ಕೊಪ್ಪ ಬಿಡುವಾಗಲೇ ನರಸಿಂಹರಾಜಪುರದ್ದು ಮೂರು ನಿಮಿಷ ಹನ್ನೆರಡು ಸೆಕೆಂಡು ತೋರಿಸ್ತಿತ್ತು, ಅಂತಾನೆ."

ಸತ್ತಾರ್ ಕಣ್ಣು ಮುಚ್ಚಿ ಬೆರಳು ಮಡಚಿದರು. ಯಾರೋ ಕಿಸಕ್ಕೆಂದರು.

"ಹಾಗಾದ್ರೆ ಅವನ ಮೂರು ನಿಮಿಷದಲ್ಲಿ ಇಲ್ಲಿನ ಗಡಿಯಾರ ನಡೆದದ್ದು ಒಂದು ನಿಮಿಷ ನಲವತ್ತೆಂಟು ಸೆಕೆಂಡು ಮಾತ್ರ," ಎಂದರು. "ಅವನಿಗೆ ನಮ್ದೇ ನಿಧಾನ! ಎರಡೂ ಸರಿ ಮೇಡಂ. ಜಗಳ ಇರೋದು ದೂರದೂರದ ಎರಡು ಗಡಿಯಾರಕ್ಕೆ 'ಒಂದೇ ಹೊತ್ತು' ಅನ್ನೋದ್ರಲ್ಲಿ."

ಕಿಸಕ್ಕೆಂದವರು ಸುಮ್ಮನಾದರು; ಅರ್ಥವಾಗಿ ಅಲ್ಲ, ಯಾವಾಗ ನಗಬೇಕೆಂದು ತಿಳಿಯದೆ.

"ದಾರಿಯೂ ಅವನಿಗೆ ಗಿಡ್ಡ," ಎಂದರು ಸರ್ವಮಂಗಳಾ. "ಕಾಲವೂ ಬೇರೆ, ದೂರವೂ ಬೇರೆ. ಆದ್ರೆ ನಮಗೆ ಕಾಲ ಐದು, ದೂರ ನಾಲ್ಕು; ಐದರ ವರ್ಗದಲ್ಲಿ ನಾಲ್ಕರ ವರ್ಗ ಕಳೀರಿ, ಒಂಬತ್ತು. ಅವನಿಗೆ ಹೊರಟದ್ದೂ ಮುಟ್ಟಿದ್ದೂ ಕೂತಲ್ಲೇ. ದೂರ ಸೊನ್ನೆ, ಕಾಲ ಮೂರು. ಮೂರರ ವರ್ಗವೂ ಒಂಬತ್ತೇ. ಅದು ಯಾರು ಅಳೆದ್ರೂ ಬದಲಾಗಲ್ಲ. ಅತ್ತೆಗೂ ಅಷ್ಟೇ, ಸೊಸೆಗೂ ಅಷ್ಟೇ."

"ನಾನು ಹೇಳಿದ್ದೂ ಅದೇ," ಎಂದರು ಪರಮೇಶ್ವರ, ಶಾಲು ಸರಿಮಾಡಿಕೊಳ್ಳುತ್ತ. ಸಭೆ ಅವರಿಗೇ ಚಪ್ಪಾಳೆ ತಟ್ಟಿತು. ವಂದನಾರ್ಪಣೆಯಲ್ಲಿ "ಕ್ಲಿಷ್ಟ ಸಂದೇಹಗಳನ್ನು ಸರಳವಾಗಿ ಪರಿಹರಿಸಿದ" ಅವರಿಗೆ ಎರಡನೆಯ ಶಾಲೂ ಬಂತು. ಸಂಘಟಕರೊಬ್ಬರು ಸರ್ವಮಂಗಳಾ ಬಳಿ ಬಂದು, "ಅತಿಥಿಗಳ ಮುಂದೆ ಹೀಗೆ ಮಾಡಬಾರದಿತ್ತು," ಎಂದು ಪಿಸುಗುಟ್ಟಿದರು.

"ಹೌದು, ಬರೀ ಹಾಡಿ ಹೋಗ್ಬೇಕಿತ್ತು," ಎಂದು ಅವರು ಚೀಲ ಹೆಗಲಿಗೇರಿಸಿದರು.

ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಸತ್ತಾರ್ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು. ಕೊಪ್ಪದ ಬಸ್ಸು ಹಾರನ್ ಹೊಡೆಯುತ್ತಿತ್ತು.

"ಇನ್ನೊಂದೇ ಮೇಡಂ. ಅವನು ತಿರುಗಿ ಕೊಪ್ಪಕ್ಕೇ ಬಂದ್ರೆ? ಆಗ ಎರಡೂ ವಾಚು ಒಂದೇ ಜಾಗದಲ್ಲಿ. ಯಾರದ್ದೋ ಒಂದು ಹಿಂದೆ ಇರ್ಲೇಬೇಕಲ್ಲ?"

ಹದಿನೆಂಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಇವರು ಬೋರ್ಡಿನ ಮೇಲೆ ಸೂತ್ರ ಬರೆಯುತ್ತಿದ್ದರು, ಮಕ್ಕಳು ನಕಲು ಮಾಡುತ್ತಿದ್ದರು, ಗಂಟೆ ಬಾರಿಸುತ್ತಿತ್ತು. ಇಡೀ ಮಧ್ಯಾಹ್ನ ಪರಮೇಶ್ವರರ ಮೇಲಿದ್ದ ತಾತ್ಸಾರದಲ್ಲಿ ಒಂದು ಪಾಲು ಆ ಹೊತ್ತಿಗೆ ಅವರಿಗೆ ತಮ್ಮ ಮೇಲೆಯೇ ಬಂತು.

"ತಿರುಗಿ ಬಂದವನದ್ದೇ ಹಿಂದೆ," ಎಂದರು. "ಯಾಕೆ ಅಂತ ನಿಂತ್ಕೊಂಡು ಹೇಳೋಕಾಗಲ್ಲ. ಪೆನ್ಸಿಲ್ ಇದೆಯಾ?"

ಸತ್ತಾರ್ ಅಂಗಡಿಯ ಬಾಗಿಲು ತೆಗೆದು ಸ್ಟೂಲಿನ ಧೂಳು ಒರೆಸಿದರು. ಕಂಡಕ್ಟರ್ "ಕೊಪ್ಪ, ಕೊಪ್ಪ" ಎಂದು ಎರಡು ಸಲ ಕೂಗಿ ಬಸ್ಸು ಬಿಟ್ಟ.