ಭೂತನಾಳದಲ್ಲಿ ಬಿಟ್ಟ ಕುದುರೆ

ಬಿಜಾಪುರದ ಟಾಂಗಾದವರಲ್ಲಿ ಒಂದು ಪದ್ಧತಿ ಇತ್ತು. ಕುದುರೆ ಮುದಿಯಾದರೆ ಮಾರುವಂತಿಲ್ಲ, ಕೊಲ್ಲುವಂತಿಲ್ಲ, ಬಿಡಬೇಕು. ಭೂತನಾಳದ ಕೆರೆಯಾಚೆಗಿನ ಬಯಲಿಗೆ ನಡೆಸಿಕೊಂಡು ಹೋಗಿ, ನಾಲ್ಕೂ ಲಾಳ ಕಿತ್ತು, ಒಂದು ಹಿಡಿ ಕಡಲೆ, ಒಂದು ತುಂಡು ಬೆಲ್ಲ ತಿನ್ನಿಸಿ, ಹಣೆ ಸವರಿ, "ನಿನ್ನ ನನ್ನ ಋಣ ತೀರಿತು, ಇನ್ನ ನೀ ಅಲ್ಲಾನ ಕುದುರಿ" ಎಂದು ಹೇಳಿ ಹೊರಟುಬಿಡಬೇಕು. ಹಿಂದೂ ಟಾಂಗಾದವರು ಅಲ್ಲಾನ ಬದಲು ಸಿದ್ಧರಾಮನ ಹೆಸರು ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ. ಹೊರಟ ಮೇಲೆ ತಿರುಗಿ ನೋಡಬಾರದು. ನೋಡಿದರೆ ಕುದುರೆ ಬೆನ್ನು ಹತ್ತುತ್ತದೆ, ಅದಕ್ಕೂ ಬಿಡುಗಡೆಯಿಲ್ಲ, ಇವನಿಗೂ ಇಲ್ಲ. ಆಮೇಲೆ ಮೂರು ತಿಂಗಳ ತನಕ, ತಿಕೋಟಾ ರಸ್ತೆಯಲ್ಲಿ ಬಾಡಿಗೆ ಹೋದರೂ, ಯಾವ ಟಾಂಗಾದವನೂ ಆ ಬಯಲಿನತ್ತ ಕಣ್ಣು ಹಾಯಿಸಬಾರದು.

ಕೇಳಿದವರೆಲ್ಲ ಭಲೆ ಎನ್ನುತ್ತಿದ್ದರು. ಹೊಟ್ಟೆಗಿಲ್ಲದ ಮಂದಿಯೂ ಇಷ್ಟು ಧರ್ಮ ಇಟ್ಟುಕೊಂಡಿದ್ದಾರಲ್ಲ ಎಂದು ಊರಿನ ದೊಡ್ಡವರು ತಲೆದೂಗುತ್ತಿದ್ದರು. ತಲೆದೂಗುವುದಕ್ಕೆ ಏನು ಖರ್ಚು!

ಈ ಪದ್ಧತಿಯ ಕಾವಲುಗಾರ ಗೈಬುಸಾಬ. ಸಿದ್ಧೇಶ್ವರ ಗುಡಿಯ ಹತ್ತಿರದ ಟಾಂಗಾ ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗೂ ಕಾಕಾ. ಅವನ ಹತ್ತಿರ ಒಂದು ಕಥೆಯೂ ಇತ್ತು. ಹನ್ನೊಂದು ವರ್ಷದ ಹಿಂದೆ ತನ್ನ ಮೊದಲಿನ ಕುದುರೆ ಬಾದಲನನ್ನು ಬಿಟ್ಟು ಬಂದು ಎಂಟು ದಿನವಾಗಿತ್ತು. ಹೊಸ ಕುದುರೆ ಹೂಡಿಕೊಂಡು, ಗಂಟೆ ಬಾರಿಸುತ್ತ ತಿಕೋಟಾ ಸಂತೆಗೆ ಹೊರಟಿದ್ದ. ಭೂತನಾಳದ ನೇರಕ್ಕೆ ಬಂದಾಗ ಬಯಲ ಕಡೆಯಿಂದ ಬಾದಲನ ಕೆನೆತ ಕೇಳಿಸಿತು. ಒಂದಲ್ಲ, ನಾಲ್ಕೈದು ಸಲ. ಗೈಬುಸಾಬ ನಿಯಮ ಮುರಿಯಲಿಲ್ಲ, ಮುಖ ತಿರುಗಿಸಲಿಲ್ಲ. "ಬಾದಲ್ ನನಗ ಸಲಾಮ್ ಹೇಳ್ತೋ ಯಪ್ಪಾ, ಹೊಸಾ ಕುದುರಿಗೆ ದುವಾ ಕೊಡ್ತು" ಎಂದು ಸ್ಟ್ಯಾಂಡಿನಲ್ಲಿ ಹೇಳಿದ್ದೇ ಹೇಳಿದ್ದು. ಹೊಸ ಹುಡುಗರು ಬಂದರೆ ಮೊದಲು ಈ ಕಥೆ, ಆಮೇಲೆ ಚಹಾ.

ಎಪ್ಪತ್ತಾರನೇ ಇಸವಿ, ಸಂಕ್ರಮಣದ ಮುಂದೆ ಗೋಳಗುಮ್ಮಟದ ಕಡೆಯ ಬಯಲಿನಲ್ಲಿ ಒಂದು ಸರ್ಕಸ್ಸಿನ ಡೇರೆ ಬಿತ್ತು. ಎರಡು ಸಿಂಹ, ಮೂರು ಹುಲಿ. ಅವುಗಳ ಹೊಟ್ಟೆಗೆ ಮುದಿ ಕುದುರೆ, ಕುಂಟ ಕುದುರೆ ಕೊಳ್ಳಲು ಸರ್ಕಸ್ಸಿನವನೊಬ್ಬ ಸ್ಟ್ಯಾಂಡಿಗೆ ಬಂದ. ಗೈಬುಸಾಬ ಚಾಬೂಕು ಹಿಡಿದೇ ಎದ್ದುನಿಂತ.

"ನಿನ್ನ ಹೊತ್ತು ಹೆತ್ತ ಅವ್ವ ಮುದುಕಿ ಆದ್ರ ಆಕೀನೂ ಹುಲಿಗೆ ಹಾಕ್ತೀಯೇನು?"

ಆ ಮನುಷ್ಯ ಸಿಟ್ಟಾಗಲಿಲ್ಲ. "ನಮ್ಮಲ್ಲಿ ಒಂದ ಪೆಟ್ಟು, ಸಾಬ್ರ. ಅದಕ್ಕ ಗೊತ್ತೂ ಆಗೂದಿಲ್ಲ. ನೀವು ಏನ ಮಾಡ್ತೀರಿ?" ಎಂದು ಕೇಳಿದ.

"ನಾವು ಬಿಡ್ತೀವಿ," ಎಂದ ಗೈಬುಸಾಬ, ಎದೆ ಉಬ್ಬಿಸಿ. ಅಂದೇ ಎಲ್ಲ ಟಾಂಗಾದವರಿಂದ ಗಾಡಿಯ ಮೇಲೆ ಕೈ ಇರಿಸಿ ಆಣೆ ಮಾಡಿಸಿದ: ಯಾರೂ ಕುದುರೆಯನ್ನು ಸಾವಿಗೆ ಕೊಡುವುದಿಲ್ಲ.

ಆಗಲೇ ಅವನ ಸ್ವಂತ ಕುದುರೆ ಶೇವಂತಿ ಎರಡು ತಿಂಗಳಿಂದ ಕುಂಟುತ್ತಿತ್ತು.

ಶೇವಂತಿ ಬಬಲೇಶ್ವರದ ಅಮರಪ್ಪನ ಮನೆಯಿಂದ ಕೊಂಡು ತಂದ ಕುದುರೆ. ಹೆಸರು ಅವರೇ ಇಟ್ಟಿದ್ದು, ಗೈಬುಸಾಬ ಬದಲಿಸಲಿಲ್ಲ. "ನನ್ನ ಹೆಸರು ಮರತಾನ, ಅದರ ಹೆಸರು ಮರತಿಲ್ಲ" ಎಂದು ಹೆಂಡತಿ ಬಾನುಬಿ ಕೆಣಕುತ್ತಿದ್ದಳು. ಹನ್ನೊಂದು ವರ್ಷ ಆ ಕುದುರೆ ಆ ಮನೆಯ ಒಲೆ ಉರಿಸಿತ್ತು. ಮಳೆಗಾಲದಲ್ಲಿ ಮುಂಗಾಲಿನ ಗೊರಸಿಗೆ ಚೂಪು ಕಲ್ಲು ಹೊಕ್ಕಿದ್ದು ಒಳಗೊಳಗೇ ಕೀವಾಯಿತು. ಅರಿಶಿನ ಮೆತ್ತಿದ, ಬೇವಿನೆಣ್ಣೆ ಹಚ್ಚಿದ, ದರ್ಗಾದ ತಾಯಿತ ಕಟ್ಟಿದ. ಕಡೆಗೆ ದನದ ದವಾಖಾನೆಯ ಅಂಬಾದಾಸ ಡಾಕ್ಟರು ಕಾಲು ಎತ್ತಿ ನೋಡಿ, ಮೂಗು ಮುಚ್ಚಿಕೊಳ್ಳದೆ ಬಹಳ ಹೊತ್ತು ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಎಲುಬಿಗೆ ಹತ್ತೇತಿ, ಸಾಬಣ್ಣ. ಇದಕ್ಕ ಔಷಧ ಇಲ್ಲ. ಒಂದೊಂದು ಹೆಜ್ಜಿಗೂ ಜೀವ ಹೋದಂಗ ಆಗತೈತಿ ಇದಕ್ಕ. ಸೂಜಿ ಹಾಕ್ತೀನಿ, ನಿದ್ದಿ ಹೋದಂಗ ಹೋಗತೈತಿ."

"ನಾ ಟಾಂಗಾದಾಂವ ಅದೀನ್ರಿ ಸಾಹೇಬ್ರ, ಕಸಾಯಿ ಅಲ್ಲ," ಎಂದು ಗೈಬುಸಾಬ ಹಗ್ಗ ಬಿಚ್ಚಿಕೊಂಡು ಬಂದುಬಿಟ್ಟ.

ಮರುದಿನ ನಸುಕಿನ ನಮಾಜು ಮುಗಿಸಿ ಶೇವಂತಿಯನ್ನು ಹೊರಡಿಸಿದ. ಬಾನುಬಿ ಬಿಸಿ ರೊಟ್ಟಿಗೆ ಬೆಲ್ಲ ಸವರಿ ತಿನ್ನಿಸಿದಳು. ಕುದುರೆ ಅವಳ ಅಂಗೈಯನ್ನೂ ನೆಕ್ಕಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ಲೆ ಇದನ್ನ ಯಾರು ನೋಡ್ಕೋತಾರ?" ಎಂದಳು.

"ಮ್ಯಾಲಿನಾಂವ."

"ಮ್ಯಾಲಿನಾಂವ ನಮ್ಮ ಕೈಯಾಗ ಕೊಟ್ಟಿದ್ದನಲ್ಲ," ಎಂದಳು ಬಾನುಬಿ. ಹೆಂಗಸರಿಗೆ ಪದ್ಧತಿ ತಿಳಿಯುವುದಿಲ್ಲ ಎಂದುಕೊಂಡು ಗೈಬುಸಾಬ ನಡೆದ.

ಮೂರು ಮೈಲಿಯ ದಾರಿ. ಗಟ್ಟಿ ಕುದುರೆಗೆ ಅರ್ಧ ತಾಸೂ ಬೇಡ. ಶೇವಂತಿ ನಾಲ್ಕು ತಾಸು ನಡೆಯಿತು. ಮೂರು ಕಾಲೂರಿ, ನಾಲ್ಕನೆಯದನ್ನು ನೆಲಕ್ಕೆ ತಾಗಿಸಿ, ನಡುಗಿ, ನಿಂತು, ಮತ್ತೆ ಮೂರು ಕಾಲೂರಿ. ಎಳೆದದ್ದಕ್ಕಲ್ಲ, ಅವನು ಮುಂದೆ ಹೋಗುತ್ತಿದ್ದಾನೆಂದು ಬಂತು. ಹನ್ನೊಂದು ವರ್ಷ ಇವನ ಮಾತಿಗೆ ಇಲ್ಲವೆಂದ ಪ್ರಾಣಿಯಲ್ಲ ಅದು. ಗೈಬುಸಾಬ ಅದರ ಕಾಲು ನೋಡಲಿಲ್ಲ. ನೋಡದೆ ಇರುವುದನ್ನು ಅವನು ಚೆನ್ನಾಗಿ ಕಲಿತಿದ್ದ.

ಬಯಲು ಮುಟ್ಟಿದ ಕೂಡಲೇ ಕುದುರೆ ಮುಂಗಾಲು ಮಡಚಿ ಕುಸಿದು ಮಲಗಿತು. ಕೆರೆಯ ನೀರು ಒಳಗೆ ಸರಿದು ಸುತ್ತಲೂ ಕರಿ ಕೆಸರು ಮಿರುಗುತ್ತಿತ್ತು. ಗೈಬುಸಾಬ ಇಕ್ಕಳ ತೆಗೆದು ಎರಡು ಲಾಳ ಕಿತ್ತಿದ್ದ. ಪಕ್ಕದ ಜೋಳದ ಹೊಲದ ಅಟ್ಟದಿಂದ ಒಂದು ದನಿ ಬಂತು.

"ಇನ್ನೊಂದು ತಂದ್ಯಾ, ಯಪ್ಪಾ?"

ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ ಮುದುಕಿ. ಗಂಗಾಬಾಯಿ ಎಂದು ಹೆಸರು, ಆ ಹೊಲದ ಒಡತಿ. ಅಟ್ಟ ಇಳಿದು ಬಂದು ಬದುವಿನ ಮೇಲೆ ನಿಂತಳು.

"ಹೌದ ಯವ್ವಾ. ಮುದಿ ಜೀವ. ಇಲ್ಲೆ ಮೇದುಕೊಂಡು ಇರತೈತಿ."

"ಏನ ಮೇಯತೈತಿ? ಕರಿ ಮಣ್ಣ ಮೇಯತೈತೇನು? ನಮ್ಮ ಜ್ವಾಳಕ್ಕ ಬಾಯಿ ಹಾಕಿದ್ರ ನಾವು ಕಲ್ಲು ಒಗೀತೀವಿ. ಒಗೀಲಿಲ್ಲಂದ್ರ ನಮ್ಮ ಮಕ್ಕಳು ಏನ ತಿನ್ನಬೇಕು?"

"ಹಂಗಾರ ಮೊದಲ ಬಿಟ್ಟಾವು ಏನಾದವು?"

ಗಂಗಾಬಾಯಿ ಅವನ ಮುಖವನ್ನೇ ನೋಡಿದಳು. ಹಂಗಿಸುತ್ತಿದ್ದಾನೋ, ನಿಜಕ್ಕೂ ಗೊತ್ತಿಲ್ಲವೋ ಎಂದು ಅವಳಿಗೆ ಅನುಮಾನ.

"ಕೆಲವು ಹಸದು ಸತ್ತವು. ಕೆಲವನ್ನ ನಾಯಿ ಹರದವು, ಇನ್ನ ಜೀವ ಇದ್ದಾಗ. ಒಂದನ್ನಂತೂ ಮರಿಯಾಕ ಆಗೂದಿಲ್ಲ ನನಗ. ನನ್ನ ಹಿರೇಮಗಳ ಲಗ್ನ ಆದ ವರ್ಸ. ಬೂದಿ ಬಣ್ಣದ್ದು, ಎಡಗಿವಿ ಸೀಳಿತ್ತು."

ಗೈಬುಸಾಬ ಇಕ್ಕಳ ಕೆಳಗಿಟ್ಟ. ಬಾದಲನ ಎಡಗಿವಿ ಮರಿಯಿದ್ದಾಗಲೇ ನಾಯಿ ಕಚ್ಚಿ ಸೀಳಿತ್ತು.

"ನೀರು ಕುಡಿಯಾಕ ಇಳಿದು ಆ ಕೆಸರಿನಾಗ ಸಿಕ್ಕಿತು. ನಮ್ಮ ಮನಿಯವರು ಹಗ್ಗ ಹಾಕಿ ಎಳದ್ರು, ಬರಲಿಲ್ಲ. ಮೂರು ದಿನ, ಯಪ್ಪಾ. ಎರಡನೇ ದಿನಕ್ಕ ಕಾಗಿ ಕಣ್ಣ ಕುಕ್ಕಿದವು. ಆದ್ರೂ ಆ ರಸ್ತಾದಾಗ ಟಾಂಗಾದ ಗಂಟಿ ಸಪ್ಪಳಾದ್ರ ಸಾಕು, ಕುತ್ತಿಗಿ ಎತ್ತಿ ಕೆನೀತಿತ್ತು. ಟಾಂಗಾ ದಾಟಿ ಹೋಗೂಮಟ ಕೆನೀತಿತ್ತು. ನಾ ಕಿವಿ ಮುಚ್ಚಿಕೊಂಡು ಮನಿಗೆ ಓಡಿದೆ."

"ಯಾಕ ಯಾರೂ ನಮಗ ಹೇಳಲಿಲ್ಲ?" ಎಂದ ಗೈಬುಸಾಬ. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

"ಯಾರಿಗೆ ಹೇಳೂನು? ನೀವು ತಿರುಗಿ ನೋಡೂ ಮಂದಿಯೇನು? ಒಬ್ಬಾಂವನ್ನ ಹಿಂದಿನಿಂದ ಒದರಿ ಕರದ್ವಿ, ಇನ್ನಷ್ಟು ಜಲ್ದಿ ನಡದ. ನೀವು ಇಲ್ಲೆ ಬಂದು ಅಳತೀರಿ, ಪುಣ್ಯಾ ಮಾಡಿದ್ವಿ ಅಂತ ಹೋಗ್ತೀರಿ. ಉಳದದ್ದು ನಾವು ನೋಡ್ತೀವಿ."

ಅವಳ ಮಾತಿನಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಗೈಬುಸಾಬ ಬದುವಿನ ಮೇಲೆ ಕುಳಿತು, ತಲೆಯ ಪಟಕಾ ಬಿಚ್ಚಿ ಬಾಯಿಗೆ ಒತ್ತಿಕೊಂಡು ಅತ್ತ. ಅರವತ್ತು ದಾಟಿದ ಮನುಷ್ಯ, ಮಗ ತೀರಿದಾಗಲೂ ಹೀಗೆ ಅತ್ತಿರಲಿಲ್ಲ. ಅಂದು ರಸ್ತೆಯಲ್ಲಿ ಗಂಟೆ ಬಾರಿಸಿದವನು ತಾನು. ಕೇಳಿಸಿಯೂ ಮುಖ ತಿರುಗಿಸದೆ ಹೋದವನು ತಾನು. ಸರ್ಕಸ್ಸಿನವನಿಗೆ ಬೈದ ಬೈಗುಳವೆಲ್ಲ ಈಗ ಒಂದೊಂದಾಗಿ ಅವನ ಮೈಮೇಲೆಯೇ ಬಂದು ಬಿದ್ದವು. ಆ ಮನುಷ್ಯ ಒಂದೇ ಪೆಟ್ಟು ಎಂದಿದ್ದ. ತನ್ನದು ಮೂರು ದಿನ.

ಶೇವಂತಿ ಮಲಗಿದಲ್ಲಿಂದಲೇ ಅವನತ್ತ ಮೂಗು ಚಾಚಿತು. ಅದನ್ನು ಎಬ್ಬಿಸಿ ಮನೆಗೆ ಕರೆದೊಯ್ಯುವುದು ಆಗದ ಮಾತು. ಇನ್ನೊಂದು ಹೆಜ್ಜೆ ಅದರ ಕೈಲಾಗುತ್ತಿರಲಿಲ್ಲ. ಇಷ್ಟು ದೂರ ನಡೆಸಿದ್ದೇ ದೊಡ್ಡ ಪಾಪ ಎಂದು ಅವನಿಗೆ ಈಗ ಅರಿವಾಯಿತು.

ಅಷ್ಟರಲ್ಲಿ ತಿಕೋಟಾ ಕಡೆಯಿಂದ ಒಂದು ಖಾಲಿ ಟಾಂಗಾ ಬಂತು. ಗೈಬುಸಾಬ ಬರಿಗಾಲಲ್ಲೇ ಹೊಲ ದಾಟಿ ಓಡಿ ಅಡ್ಡ ನಿಂತ. ಜಿಲಾನಿ, ಅದೇ ಸ್ಟ್ಯಾಂಡಿನವನು, ಇಬ್ಬರು ಮಕ್ಕಳ ತಂದೆ. ಕಾಕಾ ಬಯಲಿನಲ್ಲಿರುವುದನ್ನು ಕಂಡು ಪದ್ಧತಿಯಂತೆ ಮುಖ ಆಚೆ ತಿರುಗಿಸಿಕೊಂಡೇ ಲಗಾಮು ಜಗ್ಗಿದ.

"ಇತ್ತ ನೋಡೋ ಜಿಲಾನಿ. ಹೋಗಿ ಅಂಬಾದಾಸ ಡಾಕ್ಟರನ್ನ ಕರಕೊಂಡು ಬಾ. ಸೂಜಿ ತರಾಕ ಹೇಳು."

ಜಿಲಾನಿ ಬೆಪ್ಪಾದ. "ಕಾಕಾ, ಆಣಿ ಮಾಡಿಸಿದಾಂವ ನೀನ! ಸೂಜಿ ಹಾಕಿಸಿದ್ರ ಸ್ಟ್ಯಾಂಡಿನಾಗ ಎಲ್ಲಾರೂ ನಿನ್ನ ಕಸಾಯಿ ಅಂತಾರ."

"ಅನ್ಲಿ. ನಮ್ಮ ಓಣ್ಯಾಗಿನ ಕಸಾಯಿ ಫಕ್ರುದ್ದೀನನೂ ಕುರಿಗೆ ನೀರ ಕುಡಿಸ್ತಾನ, ಚಾಕು ಕಾಣದಂಗ ಮುಚ್ಚಿಡ್ತಾನ, ಒಂದ ಕೈಗೆ ಮುಗಸ್ತಾನ. ನಾ ಏನ ಮಾಡೀನಿ? ಬಾದಲ್‌ನ ಮೂರು ದಿನ ಹಿಡದು ಕೊಂದೀನಿ ಲೇ. ನಿಮಗೆಲ್ಲಾ ಸಲಾಮು ಅಂತ ಹೇಳಿದ್ನಲ್ಲ, ಅದು ಸಲಾಮ್ ಅಲ್ಲೋ. ಕೆಸರಿನಾಗ ಸಿಕ್ಕಿತ್ತು. ನನ್ನ ಕರೀತಿತ್ತು."

ಜಿಲಾನಿ ಲಗಾಮು ಸಡಿಲಿಸಿ ಊರಿನತ್ತ ಗಾಡಿ ಓಡಿಸಿದ. ಗಂಟೆ ಮಾತ್ರ ಬಾರಿಸಲಿಲ್ಲ.

ಅವನು ಬರುವ ತನಕ ಎರಡು ತಾಸು. ಗಂಗಾಬಾಯಿ ಕೊಡದಲ್ಲಿ ನೀರು ತಂದಳು, ಹೊಲದಿಂದ ನಾಲ್ಕು ಹಸಿ ಜೋಳದ ದಂಟು ತಾನೇ ಕಿತ್ತು ತಂದಳು. ದೂರದಲ್ಲಿ ಎರಡು ನಾಯಿ ಬಂದು ಕುಳಿತಾಗ ಕವಣೆ ಬೀಸಿ ಓಡಿಸಿದಳು. ಶೇವಂತಿ ನೀರು ಕುಡಿಯಿತು, ದಂಟು ಬಾಯಲ್ಲಿ ಹಿಡಿದುಕೊಂಡಿತೇ ಹೊರತು ಅಗಿಯಲಿಲ್ಲ. ಗೈಬುಸಾಬ ತನ್ನ ಪಟಕಾ ಒದ್ದೆ ಮಾಡಿ ಆ ಗೊರಸಿಗೆ ಸುತ್ತಿದ. ಈ ಸಲ ನೋಡುತ್ತಲೇ ಸುತ್ತಿದ.

ಡಾಕ್ಟರು ಬಂದರು. ಬಂದವರು ಹಿಂದಿನ ದಿನದ ಮಾತು ಎತ್ತಲಿಲ್ಲ, ಅದು ಅವರ ದೊಡ್ಡತನ. ಮೊದಲ ಸೂಜಿಗೆ ಮಂಪರು, ಎರಡನೆಯದಕ್ಕೆ ಮುಗಿಯುತ್ತದೆ ಎಂದು ತಿಳಿಸಿ ಹೇಳಿದರು. "ಬೇಕಂದ್ರ ನೀ ಅತ್ತಾಗ ಹೋಗಿ ನಿಂದರು ಸಾಬಣ್ಣ. ನೋಡೂದು ಕಷ್ಟ."

"ಇಲ್ರಿ. ನಾ ಇಲ್ಲೆ ಇರ್ತೀನಿ."

ಅವನು ನೆಲದಲ್ಲಿ ಕುಳಿತು ಕುದುರೆಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಭಾರವಾದ ತಲೆ. ಸೂಜಿ ಕಾಣದಂತೆ ಒಂದು ಅಂಗೈಯಿಂದ ಕಣ್ಣು ಮರೆ ಮಾಡಿದ. ಋಣ ತೀರಿತು ಎನ್ನುವ ಮಾತು ಅವನ ಬಾಯಿಗೆ ಬರಲಿಲ್ಲ. ತೀರುವಂಥ ಋಣವೇ ಅಲ್ಲ ಅದು. ಬಬಲೇಶ್ವರದ ಬಾವಿಕಟ್ಟೆ, ಅಮರಪ್ಪನ ಅಂಗಳ, ಮೊದಲ ದಿನ ಗಾಡಿಗೆ ಹೂಡಿದಾಗ ಅದು ಅವನನ್ನು ಗಟಾರಕ್ಕೆ ಕೆಡವಿದ್ದು, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋದ. ಕುದುರೆಯ ಉಸಿರು ಅವನ ಮುಂಗೈಗೆ ಬಿಸಿಯಾಗಿ ಬಡಿಯುತ್ತಿತ್ತು, ಆಮೇಲೆ ತಡೆತಡೆದು ಬಡಿಯಿತು, ಆಮೇಲೆ ಇಲ್ಲ. ಡಾಕ್ಟರು ಎದೆಗೆ ಕಿವಿ ಇಟ್ಟು "ಆತು" ಎಂದರು. ಗೈಬುಸಾಬ ಹೇಳುತ್ತಿದ್ದ ಮಾತನ್ನು ಕೊನೆ ಮುಟ್ಟಿಸಿಯೇ ನಿಲ್ಲಿಸಿದ.

ಮೈಯಲ್ಲಿ ಔಷಧ ಸೇರಿದೆ, ನಾಯಿ ನರಿಗೆ ಬಿಡಬೇಡಿ ಎಂದರು ಡಾಕ್ಟರು. "ನಮ್ಮ ಬದುವಿನಾಗ ಹುಗೀರಿ" ಎಂದು ಗಂಗಾಬಾಯಿ ತನ್ನ ಗಂಡ ಪರಸಪ್ಪನನ್ನು ಕರೆತಂದಳು. ಮೂವರು ಗಂಡಸರು ಸಲಿಕೆ ಹಿಡಿದರು. ಕರಿ ಮಣ್ಣು, ಆಳಕ್ಕೆ ಹೋದಂತೆ ಜಿಗುಟು. ಮಣ್ಣು ಮುಚ್ಚುವ ಹೊತ್ತಿಗೆ ಹೊತ್ತು ಮುಳುಗಲು ಬಂದಿತ್ತು.

ಡಾಕ್ಟರನ್ನು ಹತ್ತಿಸಿಕೊಂಡು ಹೊರಡುವ ಮೊದಲು ಜಿಲಾನಿ ತನ್ನ ಕುದುರೆಯ ಕುತ್ತಿಗೆಗೆ ಕೈ ಇಟ್ಟು ನಿಂತ. ಅದರ ಹುಬ್ಬಿನ ಮೇಲೆಯೂ ಬಿಳಿ ಕೂದಲು ಬಂದಿದ್ದವು.

"ಕಾಕಾ, ಇದರ ದಿನ ಬಂದಾಗ ನೀ ಬರ್ತೀಯಿಲ್ಲೋ? ನನ್ನ ಕೈಲೆ ಆಗೂದಿಲ್ಲ."

"ಬರ್ತೀನಿ," ಎಂದ ಗೈಬುಸಾಬ. "ಆದ್ರ ತೆಲಿ ನಿನ್ನ ತೊಡಿ ಮ್ಯಾಲೆ ಇರಬೇಕು. ಅದು ಹುಡುಕೂದು ನಿನ್ನ, ನನ್ನ ಅಲ್ಲ."